ಪಟ್ಟಾಪಟ್ಟಿ ಚಡ್ಡಿಯ ಭೌತವಿಜ್ಞಾನ

ಮಕ್ಕಳ ಚಡ್ಡಿ ಮೊದಲು ಹರಿಯುವುದು ಎಲ್ಲಿ? ಶಿಕ್ಷಕರಾದ ನಿಮಗೆ ಉತ್ತರ ಗೊತ್ತೇ ಇದೆ. ಕುಕ್ಕರಗಾಲಲ್ಲಿ ಕುಳಿತೆದ್ದಾಗ ಹಿಂಭಾಗದ ನಡುಹೊಲಿಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಜೇಬಿನ ಬಾಯಿಯ ಮೂಲೆ ಕಿತ್ತುಬರುತ್ತದೆ. ಹೀಗಾದ ದಿನ ಆ ಹುಡುಗ, ಲೆಕ್ಕ ಬರುತ್ತಿದ್ದರೂ, ಕರಿಹಲಗೆಯ ಹತ್ತಿರ ಬಾ ಎಂದರೆ ಬರುವುದಿಲ್ಲ. ನಾವು ದಾರ ಗಟ್ಟಿಯಿಲ್ಲ ಎಂದು ದೂರುತ್ತೇವೆ. ಆದರೆ ಅದೇ ದಾರದಿಂದ ಹೊಲಿದ ಪಕ್ಕದ ಹೊಲಿಗೆ ವರ್ಷವಾದರೂ ಅಲ್ಲಾಡಿರುವುದಿಲ್ಲ! ದಾರ ಒಂದೇ, ಬಟ್ಟೆ ಒಂದೇ, ಮಷೀನೂ ಒಂದೇ. ಹಾಗಾದರೆ ಒಂದು ಕಡೆ ಹರಿದು ಇನ್ನೊಂದು ಕಡೆ ಹರಿಯದಿರುವುದೇಕೆ?

ಈ ಪ್ರಶ್ನೆಗೆ ಉತ್ತರವನ್ನು ಪಟ್ಟೆ ಅಥವಾ ಚೌಕುಳಿ ಬಟ್ಟೆಯಲ್ಲಿ ಒಂದು ಚಡ್ಡಿ ಹೊಲಿದೇ ಕಂಡುಕೊಳ್ಳಬಹುದು. ಬಿಳಿ ಬಟ್ಟೆಯಲ್ಲಿ ಕಾಣದ್ದು ಚೌಕುಳಿ ಬಟ್ಟೆಯಲ್ಲಿ ಕಾಣುತ್ತದೆ, ಏಕೆಂದರೆ ಚೌಕುಳಿ ಬಟ್ಟೆ ಎಂದರೆ ಮೈಮೇಲೆ ಹಾಕಿಕೊಳ್ಳಬಹುದಾದ ಗ್ರಾಫ್ ಕಾಗದ.

ಉದಾಹರಣೆಗೆ ಕೊಡಗಿನ ಮಾಕುಟ್ಟವನ್ನು ತೆಗೆದುಕೊಳ್ಳೋಣ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕಾಡಿನ ನಡುವೆ ಘಟ್ಟ ಇಳಿದರೆ ಸಿಗುವ ಗಡಿಯೂರು ಇದು. ಇಲ್ಲಿ ಒಂದು ತಪಾಸಣಾ ಠಾಣೆಯಿದೆ, ಸುತ್ತ ಬ್ರಹ್ಮಗಿರಿ ವನ್ಯಧಾಮದ ಕಾಡು. ಮುಂದೆ ಕೂಟುಪುಳ, ಇರಿಟ್ಟಿ, ಅಲ್ಲಿಂದ ಕಣ್ಣೂರು. ಅರಬ್ಬಿ ಸಮುದ್ರದ ಮುಂಗಾರು ನೇರವಾಗಿ ಬಡಿಯುವ ಪಶ್ಚಿಮದ ಇಳಿಜಾರಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗಿಸುವುದೇ ಒಂದು ಸಾಹಸ. ಇಂಥ ಕಡೆ ಚಡ್ಡಿಯೇ ಬುದ್ಧಿವಂತರ ಉಡುಪು. ಉದ್ದನೆಯ ಪ್ಯಾಂಟಿನ ಕಾಲಂಚು ಒದ್ದೆ ಹುಲ್ಲಿಗೆ ತಗುಲಿದರೆ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ನೀರು ಲೋಮನಾಳ ಕ್ರಿಯೆಯಿಂದ ಮೇಲೇರುತ್ತದೆ. ಮೊಣಕಾಲಿನ ಮೇಲೆ ನಿಲ್ಲುವ ಚಡ್ಡಿಗೆ ಆ ಕಾಟವಿಲ್ಲ. ಜಿಗಣೆ ಹತ್ತಿದರೂ ಕೂಡಲೆ ಕಣ್ಣಿಗೆ ಬೀಳುತ್ತದೆ!

ಬಟ್ಟೆಗೂ ಇಲ್ಲಿ ಕೊರತೆಯಿಲ್ಲ. ಕಣ್ಣೂರು ಕೈಮಗ್ಗದ ಹಳೆಯ ನೆಲೆ. ಬಾಸೆಲ್ ಮಿಷನ್ ಅಲ್ಲಿ ನೇಯ್ಗೆ ಕಾರ್ಖಾನೆ ತೆರೆದದ್ದು 1852ರಲ್ಲಿ. ಆ ಕಡೆ ಕೈಲಿ ಎಂದು ಕರೆಯುವ ಚೌಕುಳಿ ಲುಂಗಿ ಗಡಿಯ ಎರಡೂ ಬದಿಯಲ್ಲಿ ಬಳಕೆಯಲ್ಲಿದೆ. ಬಯಲುಸೀಮೆಯ ಹಳ್ಳಿಗಳಲ್ಲಿ ಪಂಚೆಯೊಳಗೆ ತೊಡುವ, ಲಾಡಿ ಕಟ್ಟಿದ, ದೊಡ್ಡ ಜೇಬಿನ ಪಟ್ಟಾಪಟ್ಟಿ ಚಡ್ಡಿ ನಿಮಗೆ ಗೊತ್ತು. ಹಳೆಯ ಲುಂಗಿಯಿಂದ ಮಗುವಿಗೆ ಹೊಲಿದ ಚಡ್ಡಿ ಅದರದೇ ತಮ್ಮ.

ಬಟ್ಟೆ ಕಾಗದವಲ್ಲ

ಮಗ್ಗದಲ್ಲಿ ಮೊದಲೇ ಬಿಗಿದು ಕಟ್ಟಿದ ಉದ್ದನೆಯ ಎಳೆಗಳು ಹಾಸು. ಅವುಗಳ ನಡುವೆ ಲಾಳಿ ಹಾಯಿಸಿ ಸೇರಿಸಿದವು ಹೊಕ್ಕು. ಹಾಸಿನ ಎಳೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟರೆ ಉದ್ದುದ್ದ ಪಟ್ಟೆ ತಾನಾಗಿ ಬರುತ್ತದೆ, ನೇಯುವಾಗ ಮತ್ತೆ ಲಾಳಿ ಬದಲಿಸುವ ಕೆಲಸವಿಲ್ಲ. ಪಟ್ಟೆ ಬಟ್ಟೆಗಳಲ್ಲಿ ಬಹುತೇಕ ಪಟ್ಟೆಗಳು ಉದ್ದಕ್ಕೇ ಇರುವುದರ ಗುಟ್ಟು ಇದು. ಹೊಕ್ಕಿನಲ್ಲೂ ಬಣ್ಣ ಬದಲಿಸಿದರೆ ಚೌಕುಳಿ.

ಈಗ ಒಂದು ಚೌಕುಳಿ ಟವೆಲ್ಲೋ ಲುಂಗಿಯೋ ಕೈಗೆ ತೆಗೆದುಕೊಳ್ಳಿ. ಹಾಸಿನ ದಿಕ್ಕಿನಲ್ಲಿ ಎಳೆಯಿರಿ: ಹಿಗ್ಗುವುದೇ ಇಲ್ಲ ಎನ್ನಬಹುದು. ಹೊಕ್ಕಿನ ದಿಕ್ಕಿನಲ್ಲಿ ಎಳೆದರೆ ಅತಿ ಸ್ವಲ್ಪ ಹಿಗ್ಗುತ್ತದೆ. ಇನ್ನು ಮೂಲೆಯಿಂದ ಮೂಲೆಗೆ, ಅಂದರೆ ದರ್ಜಿಗಳು ‘ಕ್ರಾಸ್’ ಎನ್ನುವ 45 ಡಿಗ್ರಿ ದಿಕ್ಕಿನಲ್ಲಿ ಎಳೆಯಿರಿ. ಬಟ್ಟೆ ರಬ್ಬರಿನಂತೆ ಹಿಗ್ಗುತ್ತದೆ! ಚೌಕಗಳನ್ನು ನೋಡಿ, ಅವು ಚೌಕಗಳಾಗಿ ಉಳಿದಿಲ್ಲ, ವಜ್ರಾಕೃತಿಗಳಾಗಿವೆ. ಆದರೆ ಬಾಹುಗಳ ಉದ್ದ ಬದಲಾಗಿಲ್ಲ. ಎಳೆಗಳು ಹಿಗ್ಗಿಲ್ಲ, ಒಂದರ ಮೇಲೊಂದು ತಿರುಗಿವೆ, ಅಷ್ಟೆ.

ಇದನ್ನು ಲೆಕ್ಕ ಮಾಡುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಸಾಧ್ಯ. ಬಾಹು 1 ಸೆಂಟಿಮೀಟರ್ ಇರುವ ಚೌಕದ ಕರ್ಣ 1.414 ಸೆಂಟಿಮೀಟರ್. ಎಳೆಗಳ ನಡುವಿನ ಕೋನ 90 ಡಿಗ್ರಿಯಿಂದ 70 ಡಿಗ್ರಿಗೆ ಇಳಿಯಿತು ಎನ್ನೋಣ. ಆಗ ಉದ್ದನೆಯ ಕರ್ಣ 35 ಡಿಗ್ರಿಯ ಕೊಸೈನ್‌ನ ಎರಡರಷ್ಟು, ಅಂದರೆ 1.638 ಸೆಂಟಿಮೀಟರ್. ಒಂದೇ ಒಂದು ಎಳೆಯೂ ಹಿಗ್ಗದೆ ಬಟ್ಟೆ ಸುಮಾರು ಶೇಕಡ 16ರಷ್ಟು ಉದ್ದವಾಯಿತು! ಅಡ್ಡ ಕರ್ಣ 1.147 ಸೆಂಟಿಮೀಟರಿಗೆ, ಅಂದರೆ ಶೇಕಡ 19ರಷ್ಟು ಕುಗ್ಗಿತು. ಎಳೆದ ದಿಕ್ಕಿನ ಹಿಗ್ಗುವಿಕೆಗಿಂತ ಅಡ್ಡ ದಿಕ್ಕಿನ ಕುಗ್ಗುವಿಕೆಯೇ ಹೆಚ್ಚು. ಎಲ್ಲ ದಿಕ್ಕಿನಲ್ಲೂ ಒಂದೇ ಗುಣವಿರುವ ಸಾಮಾನ್ಯ ಘನವಸ್ತುಗಳಲ್ಲಿ ಈ ಅನುಪಾತ, ಅಂದರೆ ಪಾಯ್ಸಾನ್ ನಿಷ್ಪತ್ತಿ, 0.5 ಮೀರುವಂತಿಲ್ಲ ಎಂದು ಪದವಿ ತರಗತಿಯಲ್ಲಿ ಕಲಿಸುತ್ತೇವೆ. ಮನೆಯ ಟವೆಲ್ಲು ಅದನ್ನು ಲೀಲಾಜಾಲವಾಗಿ ಮೀರುತ್ತದೆ. ನಿಯಮವೇನೂ ತಪ್ಪಿಲ್ಲ, ಟವೆಲ್ಲಿಗೆ ಎಲ್ಲ ದಿಕ್ಕಿನಲ್ಲೂ ಒಂದೇ ಗುಣವಿಲ್ಲ.

ಬಟ್ಟೆಯನ್ನು ಹೀಗೆ ಹಿಗ್ಗದ ಎಳೆಗಳ ಬಲೆ ಎಂದು ಭಾವಿಸಿ ಗಣಿತ ಬರೆದವರಲ್ಲಿ ಮೊದಲಿಗ ರಷ್ಯದ ಚೆಬಿಷೆವ್. ಅವಿಭಾಜ್ಯ ಸಂಖ್ಯೆಗಳ ಅಧ್ಯಯನಕ್ಕೆ ಹೆಸರಾದ ಈ ಗಣಿತಜ್ಞ 1878ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಿಜ್ಞಾನ ಸಮ್ಮೇಳನದಲ್ಲಿ ‘ಉಡುಪುಗಳ ಕತ್ತರಿಕೆ’ ಎಂಬ ವಿಷಯದ ಮೇಲೆ ಉಪನ್ಯಾಸ ಕೊಟ್ಟ. ಚಪ್ಪಟೆ ಬಟ್ಟೆ ಚೆಂಡಿನಂಥ ಮೈಯನ್ನು ಹೊದೆಯಬೇಕಾದರೆ ಎಳೆಗಳ ನಡುವಿನ ಕೋನ ಎಲ್ಲೆಲ್ಲಿ ಎಷ್ಟೆಷ್ಟು ಬದಲಾಗಬೇಕು ಎಂಬುದು ಅವನ ಪ್ರಶ್ನೆ. ಇಂದಿಗೂ ಗಣಿತದಲ್ಲಿ ‘ಚೆಬಿಷೆವ್ ಬಲೆ’ ಎಂಬ ಹೆಸರಿದೆ. ದರ್ಜಿ ಅಂಗಡಿಯಿಂದ ಹುಟ್ಟಿದ ಗಣಿತವೆಂದು ಇದನ್ನು ತರಗತಿಯಲ್ಲಿ ಹೇಳಲು ನನಗೆ ಬಲು ಇಷ್ಟ.

ಎರಡು ಕಾಲು ಸೇರುವಲ್ಲಿ

ಚಡ್ಡಿಗೆ ಬೇಕಾದದ್ದು ಮುಖ್ಯವಾಗಿ ಎರಡು ತುಂಡು, ಒಂದೊಂದು ಕಾಲಿಗೆ ಒಂದೊಂದು. ಹತ್ತು ವರ್ಷದ ಹುಡುಗನ ಸೊಂಟದ ಕೆಳಗಿನ ದಪ್ಪ ಭಾಗದ ಸುತ್ತಳತೆ 70 ಸೆಂಟಿಮೀಟರ್ ಎಂದುಕೊಳ್ಳಿ. ಓಡಾಟದ ಸಡಿಲಕ್ಕೆ 20 ಸೇರಿಸಿದರೆ 90. ಒಂದು ತುಂಡಿಗೆ 45, ಕಾಲುಗಳ ನಡುವೆ ಬರುವ ಚಾಚಿಗೆ ಮುಂದೆ ಹಿಂದೆ ಸೇರಿ 12, ಹೊಲಿಗೆಯ ಒಳಗೆ 3. ಒಟ್ಟು ಅಗಲ 60. ಉದ್ದ 40, ಲಾಡಿಯ ಮಡಿಕೆಗೂ ಕೆಳಅಂಚಿಗೂ 7, ಒಟ್ಟು 47. ಸುಮಾರು 2 ಮೀಟರ್ ಉದ್ದ, 1.2 ಮೀಟರ್ ಅಗಲದ ಲುಂಗಿಯಲ್ಲಿ ಎರಡು ತುಂಡು ಅಕ್ಕಪಕ್ಕ ಸರಿಯಾಗಿ ಕೂರುತ್ತವೆ. ನಾಲ್ಕು ಚಡ್ಡಿ ತೆಗೆಯಲು ಹೋದರೆ ಜೇಬಿಗೆ ಬಟ್ಟೆ ಉಳಿಯದು. ಮೂರು ತೆಗೆದರೆ ಜೇಬುಗಳಿಗೂ ಪಟ್ಟೆ ಕೂಡಿಸಲಿಕ್ಕೂ ಧಾರಾಳವಾಗಿ ಸಾಕು. ಆಸೆ ಬೇಡ, ಮೂರೇ ಇರಲಿ.

ಹೊಸ ಬಟ್ಟೆಯಾದರೆ ಕತ್ತರಿಸುವ ಮೊದಲು ಒಮ್ಮೆ ನೆನೆಸಿ ಒಣಗಿಸುವುದು ಕಡ್ಡಾಯ. ಮಗ್ಗದಲ್ಲಿ ಬಿಗಿದಿದ್ದ ಎಳೆಗಳು ನೀರು ಕುಡಿದು ದಪ್ಪಗಾಗುತ್ತವೆ, ಒಂದನ್ನೊಂದು ಸುತ್ತಿ ಹಾಯುವ ದಾರಿ ಉದ್ದವಾಗಿ ಬಟ್ಟೆ ಕುಗ್ಗುತ್ತದೆ. ಶೇಕಡ 5 ಕುಗ್ಗಿದರೂ 47 ಸೆಂಟಿಮೀಟರಿನಲ್ಲಿ 2.3 ಸೆಂಟಿಮೀಟರ್ ಹೋಯಿತು. ಬಣ್ಣ ಬಿಡುವುದೂ ಆಗಲೇ ಗೊತ್ತಾಗುತ್ತದೆ. 1958ರಲ್ಲಿ ಮದರಾಸಿನಿಂದ ಅಮೆರಿಕಕ್ಕೆ ಹೋದ ಚೌಕುಳಿ ಬಟ್ಟೆಯನ್ನು ಅಲ್ಲಿ ತಣ್ಣೀರಲ್ಲಿ ಪ್ರತ್ಯೇಕವಾಗಿ ಒಗೆಯಬೇಕೆಂಬ ಎಚ್ಚರಿಕೆಯಿಲ್ಲದೆ ಮಾರಿ, ಬಣ್ಣವೆಲ್ಲ ಇಳಿದು ಗಲಾಟೆಯಾಯಿತೆಂದೂ, ಕೊನೆಗೆ ‘ಬಣ್ಣ ಬಿಡುವ ಮದ್ರಾಸ್’ ಎಂಬ ಹೆಸರಿನಲ್ಲೇ ಅದು ಫ್ಯಾಷನ್ ಆಯಿತೆಂದೂ ಪ್ರಸಿದ್ಧವಾದ ಕಥೆಯಿದೆ. ಆ ಬಟ್ಟೆ ಮಾರಿದ ಕೃಷ್ಣನ್ ನಾಯರ್ ಕಣ್ಣೂರಿನವರು, ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದವರು. ಬಟ್ಟೆಯ ಆಯ್ಕೆಯಲ್ಲಿ ಇನ್ನೊಂದು ಮಾತು: ಹತ್ತಿ ಒದ್ದೆಯಾದರೆ ಇನ್ನಷ್ಟು ಗಟ್ಟಿಯಾಗುತ್ತದೆ, ಸಾಮಾನ್ಯ ರೇಯಾನ್ ಒದ್ದೆಯಾದರೆ ಶಕ್ತಿಯಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಮಾಕುಟ್ಟದ ಮಳೆಗೆ ಯಾವುದು ತಕ್ಕುದೆಂದು ಹೇಳಬೇಕಿಲ್ಲ.

ಈಗ ಕಷ್ಟದ ಜಾಗಕ್ಕೆ ಬರೋಣ. ಒಂದು ಕಾಗದದ ವೃತ್ತದಿಂದ ಕೋಸಂಬರಿ ಸೌತೆಕಾಯಿಯ ಹೋಳಿನಂಥ ತುಣುಕು ಕತ್ತರಿಸಿ ತೆಗೆದು ಅಂಚುಗಳನ್ನು ಅಂಟಿಸಿ. ಶಂಕು ಬರುತ್ತದೆ. ಈಗ ಇನ್ನೊಂದು ವೃತ್ತವನ್ನು ಕೇಂದ್ರದವರೆಗೆ ಸೀಳಿ, ಆ ತುಣುಕನ್ನು ಅಲ್ಲಿ ಹೆಚ್ಚುವರಿಯಾಗಿ ಸೇರಿಸಿ ಅಂಟಿಸಿ. ಕಾಗದ ಕುದುರೆಯ ಜೀನಿನಂತೆ ಒಂದು ದಿಕ್ಕಿನಲ್ಲಿ ಮೇಲಕ್ಕೂ ಇನ್ನೊಂದು ದಿಕ್ಕಿನಲ್ಲಿ ಕೆಳಕ್ಕೂ ಬಾಗುತ್ತದೆ. ಎರಡು ಕಾಲು ಸೇರುವ ಜಾಗ ಇಂಥದೇ ಜೀನು. ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ ಕುಗ್ಗಿಸದೆ ಜೀನು ಮಾಡಲು ಸಾಧ್ಯವಿಲ್ಲವೆಂಬುದು ಗೌಸ್ 1827ರಲ್ಲಿ ಸಾಧಿಸಿದ ಪ್ರಮೇಯದ ಫಲ. ಆದ್ದರಿಂದ ಅಲ್ಲಿ ಬಟ್ಟೆಯನ್ನು ‘ಸೇರಿಸಬೇಕು’. ಹಳೆಯ ಲಾಡಿ ಚಡ್ಡಿಗಳಲ್ಲಿ ಕಾಲುಗಳ ನಡುವೆ ಒಂದು ಚೌಕ ತುಂಡನ್ನು ಕೂಡಿಸಿರುವುದನ್ನು ನೀವು ನೋಡಿರಬಹುದು. ಇಂದಿನ ಕತ್ತರಿಕೆಯಲ್ಲಿ ಅದೇ ಕೆಲಸವನ್ನು ತುಂಡಿನ ಎರಡೂ ಬದಿಯ ಬಾಗಿದ ಚಾಚು ಮಾಡುತ್ತದೆ.

ಹಿಂಭಾಗದ ಚಾಚು ಮುಂಭಾಗದ್ದಕ್ಕಿಂತ ದೊಡ್ಡದಾಗಿರಬೇಕು, ಹಿಂದಿನ ಸೊಂಟದ ಅಂಚೂ ತುಸು ಎತ್ತರವಿರಬೇಕು. ಕಾರಣ ಬೇಕೆ? ಸೊಂಟದ ಹಿಂಬದಿಯಿಂದ ತೊಡೆಗಳ ನಡುವಿನವರೆಗೆ ಟೇಪು ಹಿಡಿದು ನಿಂತಾಗ ಒಮ್ಮೆ, ಕುಕ್ಕರಗಾಲಲ್ಲಿ ಒಮ್ಮೆ ಅಳತೆ ತೆಗೆಯಿರಿ. ಹಲವು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಆ ಬಟ್ಟೆ ಎಲ್ಲಿಂದಾದರೂ ಬರಲೇಬೇಕು.

ಎಲ್ಲಿಂದ ಬರುತ್ತದೆ? ಬಾಗಿದ ಹಿಂಹೊಲಿಗೆ ಮೇಲಿನಿಂದ ಹಾಸಿನ ದಿಕ್ಕಿನಲ್ಲಿ ಇಳಿದು, ಕೊನೆಯಲ್ಲಿ ಹೊಕ್ಕಿನ ದಿಕ್ಕಿಗೆ ತಿರುಗುತ್ತದೆ. ನಡುವೆ ಒಂದೆಡೆ 45 ಡಿಗ್ರಿಯನ್ನು ದಾಟಲೇಬೇಕು. ಅಲ್ಲಿ ಬಟ್ಟೆ ಶೇಕಡ 10, 15ರಷ್ಟು ಸುಲಭವಾಗಿ ಹಿಗ್ಗುತ್ತದೆ. ಪಕ್ಕದ ಹೊಲಿಗೆ ಹಾಸಿನ ಗುಂಟ ನೇರವಾಗಿರುವುದರಿಂದ ಹಿಗ್ಗುವುದಿಲ್ಲ. ಆರಂಭದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಬಟ್ಟೆ ಹಿಗ್ಗುತ್ತದೆ, ಅದರ ಜೊತೆ ದಾರ ಹಿಗ್ಗಲಾರದು.

ಉಳಿದರ್ಧ ಮಷೀನಿನ ಹೊಲಿಗೆಯಲ್ಲಿದೆ. ಮೇಲಿನ ದಾರ ಮತ್ತು ಬಾಬಿನ್ ದಾರ ಬಟ್ಟೆಯ ದಪ್ಪದ ನಡುವೆ ಪರಸ್ಪರ ಕೊಂಡಿ ಹಾಕಿಕೊಳ್ಳುತ್ತವೆ. ಒಂದು ಹೊಲಿಗೆಯಲ್ಲಿ ಮೇಲಿನ ದಾರ ಎಷ್ಟಿದೆ? ಹೊಲಿಗೆಯ ಉದ್ದ, ಜೊತೆಗೆ ಅರ್ಧ ದಪ್ಪ ಕೆಳಗಿಳಿದು ಅರ್ಧ ದಪ್ಪ ಮೇಲೆ ಬರಲು ಬೇಕಾದಷ್ಟು. ತಲಾ 0.3 ಮಿಲಿಮೀಟರಿನ ಎರಡು ಪದರ ಎಂದರೆ ದಪ್ಪ 0.6. ಅಂಗುಲಕ್ಕೆ 10 ಹೊಲಿಗೆ ಹಾಕಿದರೆ ಒಂದೊಂದು ಸುಮಾರು 2.5 ಮಿಲಿಮೀಟರ್, ಅದರಲ್ಲಿರುವ ದಾರ 3.1, ಅಂದರೆ ಶೇಕಡ 24ರಷ್ಟು ಹೆಚ್ಚುವರಿ. ಅಂಗುಲಕ್ಕೆ ಐದೇ ಹಾಕಿದರೆ ಒಂದೊಂದು 5 ಮಿಲಿಮೀಟರ್, ದಾರ 5.6, ಹೆಚ್ಚುವರಿ ಶೇಕಡ 12 ಮಾತ್ರ. ಬಟ್ಟೆಯ ದಪ್ಪ ಪೂರ್ತಿ ಅದುಮಿ ಹೋಗುವುದಿಲ್ಲವಾದ್ದರಿಂದ ಇದರಲ್ಲಿ ಅರ್ಧವೇ ನಿಜಕ್ಕೂ ಒದಗುತ್ತದೆ ಎಂದುಕೊಂಡರೂ ಶೇಕಡ 12 ಮತ್ತು 6. ದಾರದ ಸ್ವಂತ ಹಿಗ್ಗುವಿಕೆಯನ್ನು ಇದಕ್ಕೆ ಸೇರಿಸಿಕೊಳ್ಳಿ. ಬಟ್ಟೆ ಶೇಕಡ 15 ಹಿಗ್ಗುವಲ್ಲಿ ದೊಡ್ಡ ಹೊಲಿಗೆಯ ದಾರಕ್ಕೆ ತುಂಡಾಗದೆ ಬೇರೆ ದಾರಿಯಿಲ್ಲ. ಮೇಲಿನ ದಾರವನ್ನು ಅತಿಯಾಗಿ ಬಿಗಿ ಮಾಡಿದ್ದರಂತೂ ಅದು ಬಟ್ಟೆಯೊಳಕ್ಕೆ ಇಳಿಯದೆ ತಂತಿಯಂತೆ ನೇರ ಮಲಗಿರುತ್ತದೆ; ಹೆಚ್ಚುವರಿ ಸೊನ್ನೆ. ಬಿಗಿ ಹೊಲಿಗೆ ಗಟ್ಟಿ ಹೊಲಿಗೆ ಎಂಬ ನಂಬಿಕೆ ಇಲ್ಲಿ ತಲೆಕೆಳಗು.

ಆದ್ದರಿಂದ ಹಿಂಹೊಲಿಗೆಯನ್ನು ಸಣ್ಣ ಹೊಲಿಗೆಯಲ್ಲಿ, ದಾರ ಸಮತೋಲವಾಗಿರುವಂತೆ, ಬಟ್ಟೆಯನ್ನು ಕೈಯಲ್ಲಿ ತುಸುವೇ ಹಿಗ್ಗಿಸಿ ಹಿಡಿದು ಹಾಕಬೇಕು. ಎರಡನೆಯ ಸಾಲನ್ನು 3 ಮಿಲಿಮೀಟರ್ ಪಕ್ಕಕ್ಕೆ ಹಾಕಿ. ಇನ್ನೊಂದು ಸ್ವಾರಸ್ಯ ನೋಡಿ. ಹೊಲಿಗೆ 90 ಡಿಗ್ರಿ ತಿರುಗುತ್ತದೆ, ಒಳಗೆ 1 ಸೆಂಟಿಮೀಟರ್ ಬಟ್ಟೆ ಬಿಟ್ಟಿದ್ದೇವೆ. ಆ ಬಿಟ್ಟ ಬಟ್ಟೆಯ ಅಂಚು ಹೊಲಿಗೆಗಿಂತ ಪೈಯ ಅರ್ಧದಷ್ಟು, ಅಂದರೆ 1.57 ಸೆಂಟಿಮೀಟರ್ ಗಿಡ್ಡ. ಬಾಗು ದೊಡ್ಡದಿರಲಿ ಚಿಕ್ಕದಿರಲಿ, ತ್ರಿಜ್ಯ ಎಷ್ಟೇ ಇರಲಿ, ಇದು ಬದಲಾಗದು! ಹೊಲಿಗೆ ನೇರವಾಗಲು ಹೊರಟಾಗ ಈ ಗಿಡ್ಡ ಅಂಚು ಅದನ್ನು ಹಿಡಿದು ಜಗ್ಗುತ್ತದೆ. ಬಾಗಿನಲ್ಲಿ ಅಂಚಿಗೆ ಅಲ್ಲಲ್ಲಿ ಚಿಕ್ಕ ಕತ್ತರಿ ಗುರುತು ಹಾಕಿ ಬಿಡಿಸುವುದು ಇದಕ್ಕೇ. ಗುರುತು ಹೊಲಿಗೆಯಿಂದ 2-3 ಮಿಲಿಮೀಟರ್ ಹಿಂದೆಯೇ ನಿಲ್ಲಲಿ.

ಪಟ್ಟೆಗೆ ಪಟ್ಟೆ

ಪಟ್ಟೆ ಕೂಡಿಸುವುದು ಅಂದಕ್ಕೆ ಮಾತ್ರವೆಂದು ನಾನು ಒಪ್ಪುವುದಿಲ್ಲ. ಪಟ್ಟೆ ವಾರೆಯಾಗಿದೆ ಎಂದರೆ ತುಂಡೇ ವಾರೆಯಾಗಿ ಕತ್ತರಿಸಿದೆ ಎಂದರ್ಥ. ಅಂಥ ಚಡ್ಡಿಯ ಒಂದು ಕಾಲು ನಾಲ್ಕು ಸಲ ಒಗೆದ ಮೇಲೆ ತಿರುಚಿಕೊಳ್ಳುತ್ತದೆ. ಪಟ್ಟೆಯೇ ಅಳತೆಗೋಲು. ಪಟ್ಟೆಗಳ ಒಂದು ಪೂರ್ಣ ಆವರ್ತನೆಯನ್ನು ತರಂಗದ ಅಲೆಯುದ್ದವೆಂದೇ ಭಾವಿಸಿ. ಅಲೆಯುದ್ದ 1 ಸೆಂಟಿಮೀಟರ್ ಇದ್ದು, ಎರಡು ತುಂಡು ಕಾಲು ಸೆಂಟಿಮೀಟರ್ ಜಾರಿದರೆ ಪ್ರಾವಸ್ಥೆ ವ್ಯತ್ಯಾಸ 90 ಡಿಗ್ರಿ. ಕಣ್ಣು ಕೂಡಲೆ ಹಿಡಿಯುತ್ತದೆ. ನೆನಪಿಡಬೇಕಾದದ್ದು, ಕೂಡಬೇಕಾದದ್ದು ಕತ್ತರಿಸಿದ ಅಂಚಿನಲ್ಲಿ ಅಲ್ಲ, ಹೊಲಿಗೆಯ ಗೆರೆಯಲ್ಲಿ.

ಸರಿಯಾಗಿ ಇಟ್ಟು ಹೊಲಿದರೂ ಕೊನೆಯಲ್ಲಿ ಚೌಕ ತಪ್ಪಿರುತ್ತದೆ. ಮಷೀನಿನ ಕೆಳಗಿನ ಹಲ್ಲುಗಳು ಕೆಳಪದರವನ್ನು ಮುಂದೆ ತಳ್ಳುತ್ತವೆ. ಮೇಲಿನ ಪದರವನ್ನು ಅದುಮಿ ಹಿಡಿದ ಕಾಲು ಘರ್ಷಣೆಯಿಂದ ತಡೆಯುತ್ತದೆ. ಒಂದು ಹೊಲಿಗೆಗೆ ಜಾರುವುದು ನಗಣ್ಯ, ಆದರೆ 40 ಸೆಂಟಿಮೀಟರಿನಲ್ಲಿ 160 ಹೊಲಿಗೆಗಳಿವೆ! ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿಕೊಳ್ಳುವುದೇ ಮದ್ದು. ಎಡ ಬಲ ತುಂಡುಗಳು ಕನ್ನಡಿ ಬಿಂಬಗಳಾದ್ದರಿಂದ ಬಟ್ಟೆಯನ್ನು ಮುಖಕ್ಕೆ ಮುಖ ಮಡಚಿ, ಮೇಲಿನ ಪಟ್ಟೆ ಕೆಳಗಿನ ಪಟ್ಟೆಯ ಮೇಲೆ ಕೂತಿದೆಯೇ ನೋಡಿ ಕತ್ತರಿಸಿ. ಆನೆ, ಹೂಕುಂಡದಂಥ ಮುದ್ರಿತ ಚಿತ್ರವಿದ್ದರೆ ಒಂದು ತುಂಡನ್ನು ತಲೆಕೆಳಗಾಗಿಟ್ಟು ಬಟ್ಟೆ ಉಳಿಸುವ ಜಾಣತನ ನಡೆಯದು. ಒಂದು ಕಾಲಲ್ಲಿ ಆನೆ ಶೀರ್ಷಾಸನ ಹಾಕುತ್ತದೆ.

ಜೇಬು

ಹುಡುಗನ ಜೇಬಿನಲ್ಲಿ ಏನಿರುತ್ತದೆ? 40 ಗೋಲಿ ಎನ್ನೋಣ. ಒಂದು ಗೋಲಿ ಐದು ಗ್ರಾಂನ ಆಸುಪಾಸು. ಒಟ್ಟು 210 ಗ್ರಾಂ, ತೂಕ ಸುಮಾರು 2.1 ನ್ಯೂಟನ್. ಇದೇನೂ ಹೆಚ್ಚಲ್ಲ. ಆದರೆ ಅವನು ಒಂದು ಮೀಟರ್ ಎತ್ತರದ ಕಟ್ಟೆಯಿಂದ ಧುಮುಕಿ, ಮೊಣಕಾಲು ಬಗ್ಗಿಸಿ 10 ಸೆಂಟಿಮೀಟರಿನಲ್ಲಿ ನಿಂತರೆ ಜೇಬು ತಡೆಯಬೇಕಾದ ಬಲ ತೂಕದ 11 ಪಟ್ಟು, ಸುಮಾರು 23 ನ್ಯೂಟನ್. ಇದು ಜೇಬಿನ ಸುತ್ತ ಸಮನಾಗಿ ಹಂಚಿಹೋಗುವುದಿಲ್ಲ, ಬಾಯಿಯ ಎರಡು ಮೂಲೆಗಳಲ್ಲಿ ಮಡುಗಟ್ಟುತ್ತದೆ. ಮೂಲೆಯಲ್ಲೂ ಕೊನೆಯ ಒಂದೆರಡು ಹೊಲಿಗೆಗಳ ಮೇಲೆ. ಅವು ಕಿತ್ತರೆ ಮುಂದಿನವು, ಆಮೇಲೆ ಅದರ ಮುಂದಿನವು. ಬಿರುಕಿನ ಚೂಪು ತುದಿಯಲ್ಲಿ ಪೀಡನ ಹೀಗೆ ಹೆಚ್ಚುವುದನ್ನು ಇಂಗ್ಲಿಸ್ 1913ರಲ್ಲಿ ಲೋಹದ ಹಾಳೆಗಳಿಗೆ ಲೆಕ್ಕ ಹಾಕಿ ತೋರಿಸಿದ. ಅವನ ಮನಸ್ಸಿನಲ್ಲಿದ್ದದ್ದು ಹಡಗು, ಜೇಬಲ್ಲ. ದರ್ಜಿಗಳಿಗೆ ಅದು ಮೊದಲೇ ಗೊತ್ತಿತ್ತು. ಅಮೆರಿಕದ ದರ್ಜಿ ಜೇಕಬ್ ಡೇವಿಸ್ ಕೂಲಿಗಾರರ ಪ್ಯಾಂಟಿನ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದ, ಲೀವೈ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಪೇಟೆಂಟ್ ಪಡೆದ. ಇಂದಿನ ಜೀನ್ಸ್‌ನಲ್ಲಿ ಆ ಗುಂಡಿ ಇನ್ನೂ ಇದೆ.

ನಮಗೆ ರಿವೆಟ್ ಬೇಡ. ಮೂಲೆಯಲ್ಲಿ ಒಂದು ಸಣ್ಣ ತ್ರಿಕೋನ ಹೊಲಿಗೆ, ಒಳಗಡೆ ಹೆಬ್ಬೆರಳಗಲದ ಒಂದು ತುಂಡು ಬಟ್ಟೆ, ಕೊನೆಯಲ್ಲಿ ಮೂರು ನಾಲ್ಕು ಹೊಲಿಗೆ ಹಿಂದಕ್ಕೆ. ಹಿಂದಕ್ಕೆ ಹಾಕಿದ ಮಾತ್ರಕ್ಕೆ ಗಂಟಿಲ್ಲದೆ ದಾರ ನಿಲ್ಲುವುದೇಕೆ? ಕಂಬಕ್ಕೆ ಸುತ್ತಿದ ಹಗ್ಗದ ನಿಯಮವೇ. ಘರ್ಷಣಾಂಕ 0.3 ಇದ್ದರೆ ಒಂದು ಪೂರ್ಣ ಸುತ್ತಿಗೆ ಹಿಡಿತ ಆರೂವರೆ ಪಟ್ಟು, ಮೂರು ಸುತ್ತಿಗೆ 280 ಪಟ್ಟಿಗೂ ಮಿಗಿಲು. ದಾರ ಪ್ರತಿ ಹೊಲಿಗೆಯಲ್ಲೂ ಬಾಗಿ ಬಳಸಿ ಇಂಥ ಸುತ್ತುಗಳನ್ನು ಗಳಿಸಿಕೊಳ್ಳುತ್ತದೆ. ಅಷ್ಟೇಕೆ, ಎರಡು ಮೂರು ಸೆಂಟಿಮೀಟರಿನ ಹತ್ತಿಯ ನಾರುಗಳು ಮೈಲುಗಟ್ಟಲೆ ನೂಲಾಗಿ ನಿಲ್ಲುವುದೂ ಹುರಿಯಿಂದ ಬಂದ ಘರ್ಷಣೆಯಿಂದಲೇ. ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಹಗ್ಗದ ಬಗ್ಗೆ ಇದೇ ಪ್ರಶ್ನೆ ಎತ್ತಿದ್ದಾನೆ.

ಚೌಕುಳಿ ಬಟ್ಟೆಯಲ್ಲಿ ಮೇಲಿಂದ ಹೊಲಿಯುವ ಜೇಬಿಗೆ ಎರಡು ದಾರಿ. ಚೌಕಕ್ಕೆ ಚೌಕ ಕೂಡಿಸಿ ಜೇಬು ಇದೆಯೆಂದೇ ಕಾಣದಂತೆ ಮಾಡುವುದು ಒಂದು. ಇಲ್ಲವೇ ಜೇಬಿನ ತುಂಡನ್ನೇ 45 ಡಿಗ್ರಿ ತಿರುಗಿಸಿ ಕತ್ತರಿಸುವುದು. ಕೂಡಿಸುವ ತೊಂದರೆಯೇ ಇಲ್ಲ, ನೋಡಲೂ ಚೆಂದ. ಆದರೆ ಈಗ ಜೇಬಿನ ಬಾಯಿ ‘ಕ್ರಾಸ್’ ದಿಕ್ಕಿನಲ್ಲಿದೆ. ಕೈ ಹಾಕಿ ಹಾಕಿ ನಾಲ್ಕೇ ದಿನದಲ್ಲಿ ಅದು ಜೋತುಬಿದ್ದು ಬಾಯಿ ತೆರೆಯುತ್ತದೆ. ಬಾಯಿಯ ಮಡಿಕೆಯೊಳಗೆ ಹಾಸಿನ ದಿಕ್ಕಿನಲ್ಲಿ ನೇರವಾಗಿ ಕತ್ತರಿಸಿದ ಒಂದು ಕಿರುಪಟ್ಟಿ ಇಟ್ಟು ಹೊಲಿದರೆ ಆಯಿತು. ಹಿಗ್ಗದ ಎಳೆಗಳು ಹಿಗ್ಗುವ ಬಟ್ಟೆಯನ್ನು ಹಿಡಿದುಕೊಳ್ಳುತ್ತವೆ.

ಸೊಂಟದ ವಿಷಯ ಚಿಕ್ಕದು. ಎಲಾಸ್ಟಿಕ್ಕಿನ ಎಳೆತ 5 ನ್ಯೂಟನ್, ಅಗಲ 2.5 ಸೆಂಟಿಮೀಟರ್, ಸೊಂಟದ ತ್ರಿಜ್ಯ 12 ಸೆಂಟಿಮೀಟರ್ ಎಂದರೆ ಮೈಮೇಲಿನ ಒತ್ತಡ ಸುಮಾರು 1700 ಪಾಸ್ಕಲ್. ಅದೇ ಎಳೆತ ಅರ್ಧ ಸೆಂಟಿಮೀಟರಿನ ಲಾಡಿಯಲ್ಲಿದ್ದರೆ ಒತ್ತಡ ಐದು ಪಟ್ಟು. ಸಂಜೆ ಬಿಚ್ಚಿದಾಗ ಸೊಂಟದಲ್ಲಿ ಕೆಂಪು ಗೆರೆ. ಲಾಡಿಯಾದರೆ ಅಗಲವಾದ ಪಟ್ಟಿಯದೇ ಇರಲಿ.

ಚಡ್ಡಿ ಮುಗಿದು ಒಂದು ತಿಂಗಳು ತೊಟ್ಟ ಮೇಲೆ ಅದನ್ನು ಮತ್ತೆ ಮೇಜಿನ ಮೇಲೆ ಹರಡಿ, ಇಸ್ತ್ರಿ ಮಾಡದೆ, ಕೋನಮಾಪಕ ಹಿಡಿದು ಹಿಂಹೊಲಿಗೆಯ ಪಕ್ಕದ ಚೌಕಗಳ ಕೋನ ಅಳೆಯಿರಿ. ಪಕ್ಕದ ಹೊಲಿಗೆಯ ಬಳಿ 90 ಡಿಗ್ರಿ ಉಳಿದಿರುತ್ತದೆ. ಬಾಗಿನಲ್ಲಿ 85, 82 ಹೀಗೆ ಇಳಿದಿರುವುದು ಕಾಣುತ್ತದೆ. ಆ ಅಂಕಿಗಳನ್ನು ಹೊಲಿಗೆಯ ಗುಂಟ ದೂರಕ್ಕೆದುರಾಗಿ ಗ್ರಾಫ್ ಹಾಕಿದರೆ, ಮುಂದೆ ಎಲ್ಲಿ ಹರಿಯಲಿದೆ ಎಂಬುದನ್ನು ಹರಿಯುವ ಮೊದಲೇ ಗುರುತಿಸಿ, ಅಲ್ಲಿ ಇನ್ನೊಂದು ಸಾಲು ಹೊಲಿಗೆ ಹಾಕಬಹುದು.